ಬಾಲವಿಲ್ಲದ ಬೊಟ್ಟು

ಮಾರ್ಚ್ ೧೨, ಮಂಗಳವಾರ
ನೆಡುತೋಪಿನ ಕ್ವಾರ್ಟರ್ಸ್, ಎರಡನೇ ಕೋಣೆ

ಪ್ರೀತಿಯ ಬೊಟ್ಟಕ್ಕನಿಗೆ,

ನಮಸ್ಕಾರ. ನೀವು, ಮಗ, ಸೊಸೆ, ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಮಂಡಿ ನೋವು ಹೇಗಿದೆ? ನಿಮ್ಮ ಮನೆ ಹೊಲಿಗೆ ಅಂಗಡಿಯ ಮೇಲಿದೆ, ಹದಿನೆಂಟು ಮೆಟ್ಟಿಲು ಹತ್ತಬೇಕು ಎಂದು ನಮ್ಮ ಮರ ಕಡಿಯುವವನು, ಗರಗಸ, ಹೇಳಿದ. ವಿಳಾಸ ಕೊಟ್ಟವನೂ ಅವನೇ. ಅವನ ಮೇಲೆ ಸಿಟ್ಟಾಗಬೇಡಿ. ಮೂರು ದಿನ ಬೆನ್ನು ಬಿದ್ದು ಕೇಳಿದ ಮೇಲೆ ಕೊಟ್ಟ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ ಎಂದು ಶುರುಮಾಡಬೇಕು. ಬರೆದು ನೋಡಿದೆ. ಎರಡು ತಿಂಗಳಾದರೆ ತಡ ಅನ್ನಬಹುದು. ಒಂಬತ್ತು ವರ್ಷಕ್ಕೆ ಬೇರೆ ಪದ ಇರಬೇಕು. ನಿಮಗೆ ಗೊತ್ತಿರುತ್ತದೆ, ನನಗೆ ಗೊತ್ತಿಲ್ಲ. ನಮ್ಮ ಶಾಲೆಯಲ್ಲಿ ನಮ್ಮ ಭಾಷೆಗೆ ವಾರಕ್ಕೆ ಎರಡು ಪೀರಿಯಡ್ ಇತ್ತು, ಅದರಲ್ಲೊಂದನ್ನು ಗಣಿತದ ಮೇಷ್ಟ್ರು ಕೇಳಿ ತೆಗೆದುಕೊಳ್ಳುತ್ತಿದ್ದರು. ಉಳಿದದ್ದನ್ನು ಇಂಗ್ಲಿಷಿನಲ್ಲೇ ಓದಿದೆ. ಹಾಗಾಗಿ ಈ ಕಾಗದಕ್ಕೆ ನಾಲ್ಕು ಹಾಳೆ ಹರಿದುಹಾಕಿದ್ದೇನೆ. ಇದು ಐದನೆಯದು.

ಇದನ್ನು ಓದಿ ಹೇಳುವವಳು ನಿಮ್ಮ ಸೊಸೆ ಎಂದು ಗೊತ್ತು. ಸೊಸೆಯವರೇ, ನಿಮಗೂ ನಮಸ್ಕಾರ. ಹೊಲಿಗೆ ಯಂತ್ರ ನಿಲ್ಲಿಸಿ ಓದುತ್ತಿದ್ದೀರಿ, ಆ ಉಪಕಾರ ಮರೆಯುವುದಿಲ್ಲ. ನಾನು ನಿಮ್ಮ ಅತ್ತೆಯ ಜೊತೆ ಮೂರು ವರ್ಷ ಕೆಲಸ ಮಾಡಿದವಳು, ಗೋಡೆಯಾಚೆಯ ಕೋಣೆಯವಳು. ನಿಮಗೆ ಅರ್ಥವಾಗಲೆಂದು, ಅಕ್ಕನಿಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬರೆಯುತ್ತೇನೆ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಮುಜುಗರವಾಗುವ ಕಡೆ ಸಾಲು ಹಾರಿಸಬೇಡಿ.

ಮೊದಲು ಇಲ್ಲಿಯ ಸುದ್ದಿ. ನಾನೀಗ ಮ್ಯಾನೇಜರ್. ನಾಲ್ಕು ವರ್ಷವಾಯಿತು. ಮ್ಯಾನೇಜರ್ ಬಂಗಲೆ ಕೊಟ್ಟಿದ್ದರು, ಬೇಡವೆಂದು ಇದೇ ಕೋಣೆಯಲ್ಲಿದ್ದೇನೆ. ಎಲ್ಲರೂ ಸರಳ ಸ್ವಭಾವ ಅಂದುಕೊಂಡಿದ್ದಾರೆ. ನಿಮ್ಮ ಕೋಣೆಯಲ್ಲಿ ಬಣ್ಣದ ಡಬ್ಬಿ, ಬೀಜದ ಚೀಲ ಇಡಿಸಿದ್ದೇನೆ. ಜಾಗ ಸಾಲದು ಎಂದು ಕಾರಣ ಕೊಟ್ಟೆ, ನಿಜಕ್ಕೂ ಬೇರೆ ಯಾರಾದರೂ ಬಂದು ಆ ಗೋಡೆಯ ಹಿಂದೆ ಕೆಮ್ಮುವುದು ಬೇಡವಾಗಿತ್ತು. ಚಹಾ ಆದಾಗ ನೀವು ಸೌಟಿನಿಂದ ಗೋಡೆಗೆ ಎರಡು ಸಲ ಬಡಿಯುತ್ತಿದ್ದಿರಲ್ಲ, ಆ ಜಾಗದಲ್ಲಿ ಸುಣ್ಣ ಎದ್ದಿದೆ. ನಾನೂ ಒಮ್ಮೊಮ್ಮೆ ಈ ಕಡೆಯಿಂದ ಬಡಿದು ನೋಡಿದ್ದೇನೆ. ಆ ಕಡೆ ಖಾಲಿ ಡಬ್ಬಿಗಳು ಸದ್ದು ಮಾಡುತ್ತವೆ. ನಗಬೇಡಿ.

ಗರಗಸನಿಗೆ ಕಿವಿ ಹೋಗಿದೆ. ಮೂವತ್ತು ವರ್ಷ ಯಂತ್ರದ ಗರಗಸ ಹಿಡಿದವನ ಕಿವಿ ಇನ್ನೇನಾಗುತ್ತದೆ. ಕಿವಿಗೆ ಹಾಕಿಕೊಳ್ಳುವ ಮುಚ್ಚಳ ಕೊಡಿಸಿದೆ. ಅದನ್ನು ಕೊರಳಿಗೆ ಹಾಕಿಕೊಂಡು ಓಡಾಡುತ್ತಾನೆ. ಗುಟ್ಟಿನ ಮಾತನ್ನೂ ಕೂಗಿಯೇ ಹೇಳುತ್ತಾನೆ, ಇಡೀ ಸಸಿಮಡಿಗೆ ಕೇಳಿಸುತ್ತದೆ. ಇಂಥವನು ಒಂದು ಗುಟ್ಟನ್ನು ಒಂಬತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಎಂದರೆ ನನಗಿನ್ನೂ ನಂಬಿಕೆಯಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಏಳನೇ ಬ್ಲಾಕಿನ ವಿಷಯ.

ಸೊಸೆಯವರೇ, ಇದು ತೇಗದ ನೆಡುತೋಪು. ಸಸಿಗಳನ್ನು ಮೊದಲು ಒತ್ತೊತ್ತಾಗಿ ನೆಡುತ್ತಾರೆ, ಒಂದನ್ನೊಂದು ತಳ್ಳಿಕೊಂಡು ನೆಟ್ಟಗೆ ಮೇಲೇಳಲಿ ಎಂದು. ಹತ್ತು ಹನ್ನೆರಡು ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಕಡಿಯಬೇಕು. ಆಗ ಉಳಿದವಕ್ಕೆ ಬೆಳಕು, ನೀರು ಸಿಕ್ಕಿ ದಪ್ಪವಾಗುತ್ತವೆ. ಯಾವುದು ಹೋಗಬೇಕು, ಯಾವುದು ಇರಬೇಕು ಎಂದು ಒಬ್ಬರು ಮರಮರವನ್ನೂ ನೋಡಿ ಗುರುತು ಹಾಕುತ್ತಾರೆ. ನಾನು ಓದಿದ ಪುಸ್ತಕದಲ್ಲಿ ಕಡಿಯುವ ಮರಕ್ಕೆ ಗುರುತು. ನಿಮ್ಮ ಅತ್ತೆ ಉಳಿಯುವ ಮರಕ್ಕೆ ಬೊಟ್ಟು ಇಡುತ್ತಿದ್ದರು. ಬಿಳಿ ಬಣ್ಣದಲ್ಲಿ ಹೆಬ್ಬೆಟ್ಟು ಅದ್ದಿ, ಎದೆಯೆತ್ತರಕ್ಕೆ ಒಂದೇ ಸಲ ಒತ್ತುತ್ತಿದ್ದರು. ಬೊಟ್ಟು ಇಲ್ಲದ್ದನ್ನು ಕಡಿಯುವವರು ಕಡಿಯುತ್ತಿದ್ದರು. ಅದಕ್ಕೇ ಬೊಟ್ಟಕ್ಕ ಅನ್ನುವ ಹೆಸರು. ನಿಜವಾದ ಹೆಸರನ್ನು ನಾನು ನೋಡಿದ್ದು ಹಾಜರಿ ಪುಸ್ತಕದಲ್ಲಿ ಮಾತ್ರ.

ಅಕ್ಕ, ನಾನು ಬಂದ ಮೊದಲ ವಾರ ನೆನಪಿದೆಯೇ? ಕಡಿಯುವವರ ಮುಂದೆ ನಿಂತು, ಇವತ್ತು ಅಕ್ಕ ಬೊಟ್ಟು ಮಾಡುತ್ತಾರೆ, ಆಮೇಲೆ ಕಡಿಯಿರಿ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವು ಡಬ್ಬಿ ಕೆಳಗಿಟ್ಟು ನಕ್ಕಿರಿ.

“ಬೊಟ್ಟು ಮಾಡೋದಲ್ಲ ಮೇಡಮ್ಮ, ಬೊಟ್ಟು ಇಡೋದು. ಬೊಟ್ಟು ಮಾಡೋದು ಅಂದ್ರೆ ಬೆರಳು ತೋರ್ಸೋದು, ಇವನೇ ಕಳ್ಳ ಅಂತ. ಮರ ಏನು ಕದ್ದಿದೆ ಪಾಪ?”

ಅವತ್ತಿಂದ ನಾನು ನಿಮಗೆ ಮೇಡಮ್ಮ. ನೀವು ನನ್ನನ್ನು ‘ನೀನು’ ಅನ್ನುವುದಕ್ಕೂ ಅವತ್ತೇ ಶುರು. ಮನೆ ಬಿಟ್ಟು ಬಂದ ಮೇಲೆ ನನ್ನನ್ನು ಯಾರೂ ಹಾಗೆ ಅಂದಿರಲಿಲ್ಲ. ಇಲ್ಲಿ ಎಲ್ಲರಿಗೂ ನಾನು ‘ನೀವು’.

ಉಳಿಯುವುದಕ್ಕೇ ಯಾಕೆ ಬೊಟ್ಟು ಎಂದು ಕೇಳಿದ್ದೆ. ಉಳಿಯುವವು ಕಡಿಮೆ, ಬಣ್ಣ ಉಳಿಯುತ್ತದೆ ಎಂದಿರಿ. ಸ್ವಲ್ಪ ದೂರ ನಡೆದ ಮೇಲೆ ಇನ್ನೊಂದು ಹೇಳಿದಿರಿ: “ಓದಿದೋರು ಮರ ಕಂಡ್ರೆ ಮೊದ್ಲು ಕುಂಟು ಹುಡುಕ್ತೀರಿ. ದಿನಾ ಕುಂಟು ಹುಡುಕಿ ಹುಡುಕಿ ಕಣ್ಣೇ ಕೆಟ್ಟುಹೋಗುತ್ತೆ ಕಣೇ.” ನನಗೆ ಅದು ತಮಾಷೆ ಅನಿಸಿತ್ತು.

ಮೂರನೇ ವರ್ಷ, ಈ ಕಾಗದ ಓದುತ್ತಿರುವವರ ಹೆರಿಗೆಗೆಂದು ನೀವು ಹದಿನೈದು ದಿನ ಊರಿಗೆ ಹೋದಿರಿ. ಏಳನೇ ಬ್ಲಾಕಿಗೆ ಇನ್ನೂ ಬೊಟ್ಟು ಇಟ್ಟಿರಲಿಲ್ಲ. ನೀವು ಬರುವುದರೊಳಗೆ ನಾನೇ ಮುಗಿಸಿಬಿಡೋಣ, ನೀವು ಬಂದು ‘ಪರವಾಗಿಲ್ವೇ’ ಅನ್ನಲಿ ಎಂದು ಆಸೆ. ಒಬ್ಬಳೇ ಐದು ದಿನ ತಿರುಗಿದೆ. ಒಬ್ಬಳೇ ತಿರುಗುವಾಗ ಕಣ್ಣು ತನ್ನ ಅಭ್ಯಾಸಕ್ಕೆ ಹೋಗಿಬಿಟ್ಟಿತು. ಸೊಟ್ಟ ಕಂಡರೆ ಬೊಟ್ಟು, ಕವಲೊಡೆದದ್ದು ಕಂಡರೆ ಬೊಟ್ಟು, ಬುಡ ಕೊಳೆತದ್ದಕ್ಕೆ ಬೊಟ್ಟು. ಎರಡನೇ ದಿನ ಗೊತ್ತಾಯಿತು, ನಾನು ಹೋಗಬೇಕಾದ್ದಕ್ಕೆ ಇಡುತ್ತಿದ್ದೇನೆ ಎಂದು. ಅಳಿಸಿ ಮತ್ತೆ ಶುರುಮಾಡಲು ಸೋಮಾರಿತನ. ಕಡಿಯುವವರಿಗೆ ಒಂದು ಮಾತು ಹೇಳಿದರಾಯಿತು ಎಂದುಕೊಂಡೆ. ಹೇಳುವಷ್ಟರಲ್ಲಿ ಮೂರು ದಿನದ ತರಬೇತಿಗೆ ಪೇಟೆಗೆ ಕರೆ ಬಂತು. ಗರಗಸನ ಹೆಸರಿಗೆ ಆಫೀಸಿನ ಮೇಜಿನ ಮೇಲೆ ಚೀಟಿ ಬರೆದಿಟ್ಟು ಹೋದೆ: ಏಳನೇ ಬ್ಲಾಕಿನಲ್ಲಿ ಮಾತ್ರ ಬೊಟ್ಟಿರುವ ಮರ ಕಡಿಯಬೇಕು. ಚೀಟಿ ಇಂಗ್ಲಿಷಿನಲ್ಲಿತ್ತು.

ಗರಗಸ ಆ ಚೀಟಿಯಲ್ಲಿ ಯಂತ್ರದ ಎಣ್ಣೆ ಒರೆಸಿದ.

ನಾನು ವಾಪಸು ಬರುವಷ್ಟರಲ್ಲಿ ಆ ಬ್ಲಾಕಿನ ನೆಟ್ಟನೆಯ ಮರವೆಲ್ಲ ನೆಲಕ್ಕೆ ಬಿದ್ದಿತ್ತು. ನಾನೂರ ಹನ್ನೆರಡು. ಸೊಟ್ಟವು, ಕವಲಿನವು, ರೋಗದವು ನನ್ನ ಬಿಳಿ ಬೊಟ್ಟು ಇಟ್ಟುಕೊಂಡು ನಿಂತಿದ್ದವು. ಮರುದಿನ ಬೆಳಿಗ್ಗೆ ನೀವು ಊರಿಂದ ಬಂದಿರಿ. ದೊಡ್ಡ ಸಾಹೇಬರೂ ಬಂದರು. ಬ್ಲಾಕಿನಲ್ಲಿ ನಿಂತು ಯಾರ ಕೆಲಸ ಇದು ಎಂದು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ನೀವು ಹತ್ತಿರದ ಮರದ ಬೊಟ್ಟನ್ನು ಒಂದು ಗಳಿಗೆ ನೋಡಿ, “ಕೈ ತಪ್ಪಾಗಿದೆ ಸಾರ್” ಅಂದಿರಿ. ಯಾರ ಕೈ ಎಂದು ಹೇಳಲಿಲ್ಲ. ಕೆಲಸ ಬಿಡುವ ಕಾಗದಕ್ಕೆ ಅದೇ ವಾರ ಹೆಬ್ಬೆಟ್ಟು ಒತ್ತಿದಿರಿ.

ಹೊರಡುವ ದಿನ ನಲ್ಲಿಯ ಹತ್ತಿರ ಸಿಕ್ಕಿದ್ದಿರಿ. ನಾನು ಏನೋ ಹೇಳಲು ಬಂದೆ. ನೀವು, “ನಿಮ್ಮ ಬಕೆಟ್ ತುಂಬಿದೆ, ತಗೊಳ್ಳಿ ಮೇಡಂ” ಅಂದಿರಿ. ಅಷ್ಟೇ. ಮೂರು ವರ್ಷ ‘ಕಣೇ’ ಅಂದ ಬಾಯಿ. ನಾನು ಬಕೆಟ್ ತೆಗೆದುಕೊಂಡು ಒಳಗೆ ಬಂದೆ.

ಆಮೇಲೆ ನಾನು ಏಳನೇ ಬ್ಲಾಕಿಗೆ ಹೋಗಲಿಲ್ಲ. ಹೋಗಲಿಲ್ಲ ಎಂದರೆ ಒಂಬತ್ತು ವರ್ಷ ಹೋಗಲಿಲ್ಲ. ತಪಾಸಣೆಗೆ ಹೊರಟರೆ ಆರನೆಯದರ ಕೊನೆಯಲ್ಲಿ ಎಡಕ್ಕೆ ತಿರುಗಿ ಎಂಟಕ್ಕೆ ಹೋಗುವ ದಾರಿ ಮಾಡಿಕೊಂಡೆ. ಈಗ ಅದು ಕಾಲುದಾರಿಯೇ ಆಗಿದೆ, ಎಲ್ಲರೂ ಅದರಲ್ಲೇ ನಡೆಯುತ್ತಾರೆ. ವರ್ಷದ ವರದಿಯಲ್ಲಿ ಏಳನೇ ಬ್ಲಾಕಿನ ಮುಂದೆ ‘ಯಥಾಸ್ಥಿತಿ’ ಎಂದು ಬರೆದು ಸಹಿ ಹಾಕಿದೆ. ಒಂಬತ್ತು ಸಲ.

ಜನವರಿಯಲ್ಲಿ ದೊಡ್ಡ ಆಫೀಸಿನಿಂದ ಒಬ್ಬರು ಬಂದರು. ನಾವು ನಕ್ಷೆಯವರು ಅನ್ನುತ್ತೇವೆ, ಯಾವಾಗಲೂ ಕಂಪ್ಯೂಟರಿನಲ್ಲಿ ಆಕಾಶದಿಂದ ತೆಗೆದ ನಕ್ಷೆ ತೆರೆದುಕೊಂಡಿರುತ್ತಾರೆ. ಕೆಟ್ಟವರಲ್ಲ. ಏಳನೇ ಬ್ಲಾಕಿನಲ್ಲಿ ಬರೀ ಸೊಟ್ಟ ಮರವಿದೆಯಲ್ಲ, ಬುಡಸಮೇತ ಕಿತ್ತು ಸಪಾಟು ಮಾಡಿ, ಐದೇ ವರ್ಷಕ್ಕೆ ಕಡಿತಕ್ಕೆ ಬರುವ, ಕಾಗದದ ಕಾರ್ಖಾನೆಗೆ ಹೋಗುವ ಮರ ಹಾಕೋಣ, ಸ್ಥಳ ನೋಡಿ ಬ್ಲಾಕಿನ ಹಿಂದಿನ ಚರಿತ್ರೆ ಸಮೇತ ಅಭಿಪ್ರಾಯ ಬರೆದುಕೊಡಿ ಎಂದರು. ನಿಮಗೆ ಗೊತ್ತು, ಅದು ಇಳಿಜಾರು, ಕೆಳಗೆ ತೊರೆ. ಐದು ವರ್ಷಕ್ಕೊಮ್ಮೆ ಆ ಮಣ್ಣನ್ನು ಬತ್ತಲೆ ಮಾಡಿದರೆ ಎರಡು ಮಳೆಗೆ ಎಲ್ಲ ತೊರೆಗೆ. ಕೆಳಗಿನವರು ಕುಡಿಯುವುದು ಅದೇ ನೀರು. ಆದರೆ ಬೇಡ ಅನ್ನಲು ನನ್ನ ಹತ್ತಿರ ಏನಿತ್ತು? ಮಣ್ಣು ಹೋಗುತ್ತದೆ ಎಂದರೆ, ಸರಿ, ಅಲ್ಲಿ ಏನು ಉಳಿದಿದೆ ತೋರಿಸಿ ಅನ್ನುತ್ತಾರೆ. ಉಳಿದಿರುವುದು ನನ್ನ ಬೊಟ್ಟಿನ ಸೊಟ್ಟ ಮರ.

ಆದರೂ ಸ್ಥಳ ನೋಡದೆ ಬರೆಯುವ ಹಾಗಿರಲಿಲ್ಲ. ಗರಗಸನನ್ನು ಕರೆದುಕೊಂಡು ಹೋದೆ. ಆರನೇ ಬ್ಲಾಕಿನ ಕೊನೆಯಲ್ಲಿ ಅಭ್ಯಾಸಬಲದಿಂದ ಎಡಕ್ಕೆ ತಿರುಗಿದೆ. ಅವನು ಹಿಂದಿನಿಂದ, “ಮೇಡಂ, ದಾರಿ ನೆಟ್ಟಗಿದೆ” ಎಂದು ಕೂಗಿದ.

ಒಳಗೆ ಕತ್ತಲು ಇರುತ್ತದೆ, ಮುಳ್ಳುಕಂಟಿ ಇರುತ್ತದೆ ಎಂದುಕೊಂಡಿದ್ದೆ. ಸೊಟ್ಟ ಮರಗಳು ಇದ್ದವು, ನನ್ನ ಲೆಕ್ಕದಷ್ಟೇ ಸೊಟ್ಟವಾಗಿ. ಅವುಗಳ ಮಧ್ಯೆ ಬಿಸಿಲು ಬೀಳುವ ಕಡೆಯೆಲ್ಲ ಎಳೆಯ ತೇಗ ನಿಂತಿತ್ತು. ನೆಟ್ಟ ಸಾಲಿನಲ್ಲೇ, ನೆಟ್ಟಗೆ, ನನ್ನ ತೊಡೆಯಷ್ಟು ದಪ್ಪ, ಮೂರಾಳಿಗಿಂತ ಎತ್ತರ. ಯಾರು ಸಸಿ ನೆಟ್ಟರು ಎಂದು ನನಗೆ ಮೊದಲು ಬಂದ ಯೋಚನೆ. ಬುಡ ನೋಡಿದೆ. ಹಳೆಯ ಮೋಟು, ಮಣ್ಣಾಗುತ್ತಿರುವ ಮೋಟು, ಅದರ ಮಗ್ಗುಲಲ್ಲಿ ನೆಲ ಮುಟ್ಟಿಕೊಂಡು ಎದ್ದ ಒಂದೇ ಕಾಂಡ.

ತೇಗದ ಮೋಟು ಚಿಗುರುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಿಟ್ಟರೆ ಹತ್ತು ಹದಿನೈದು ಚಿಗುರು ಒಟ್ಟಿಗೆ ಬಂದು ಪೊದೆಯಾಗುತ್ತದೆ, ಯಾವುದೂ ಮರವಾಗುವುದಿಲ್ಲ. ಒಳ್ಳೆಯದೊಂದನ್ನು ಬಿಟ್ಟು ಉಳಿದದ್ದನ್ನು ಯಾರಾದರೂ ಕೊಯ್ಯಬೇಕು, ಮೊದಲ ಎರಡು ಮೂರು ವರ್ಷ, ಪ್ರತಿ ವರ್ಷ. ಇಲ್ಲಿ ಎಲ್ಲ ಮೋಟಿಗೂ ಒಂದೇ ಕಾಂಡ. ನಾನು ಒಂದರ ಹತ್ತಿರ ಕುಳಿತೆ. ಮೊಣಕಾಲೆತ್ತರದಲ್ಲಿ, ತೊಗಟೆ ಬಿರಿದ ಸಂದಿಯಲ್ಲಿ ಬೆಳ್ಳಗೆ ಏನೋ. ತೊಗಟೆ ಹಿಗ್ಗಿದ ಹಾಗೆ ಅದೂ ಹಿಗ್ಗಿ ಮಾಸಿತ್ತು. ಉಗುಳು ಹಚ್ಚಿ ಉಜ್ಜಿದೆ. ಹೆಬ್ಬೆಟ್ಟಿನ ಬೊಟ್ಟು.

ಗರಗಸ ನನ್ನನ್ನು ನೋಡುತ್ತ ನಿಂತಿದ್ದ. ಅವನೇ ಶುರುಮಾಡಿದ, ಇಡೀ ಇಳಿಜಾರಿಗೆ ಕೇಳುವ ಹಾಗೆ. ನೀವು ಕೆಲಸ ಬಿಟ್ಟ ವರ್ಷದ ಮಳೆ ಮುಗಿದ ಮೇಲೆ ಒಂದು ಭಾನುವಾರ ತೊರೆಯ ಕಡೆಯಿಂದ ಬಂದಿರಂತೆ, ಕೈಯಲ್ಲಿ ಕುಡುಗೋಲು, ಬಣ್ಣದ ಸಣ್ಣ ಡಬ್ಬಿ. ಅವನನ್ನೂ ಕರೆದಿರಂತೆ. ಮೇಲಿಂದ ಹೊರಟ ಚಿಗುರು ಗಾಳಿಗೆ ಮುರಿಯುತ್ತೆ, ನೆಲ ಮುಟ್ಟಿ ಬಂದಿದ್ದನ್ನ ಬಿಡು ಎಂದು ತೋರಿಸಿಕೊಟ್ಟಿರಂತೆ. ಎಳೇ ಎಲೆ ಕಿತ್ತು ಕಿತ್ತು ಅದರ ರಸಕ್ಕೆ ಸಂಜೆಗೆ ಇಬ್ಬರ ಬೆರಳೂ ಕೆಂಪಾಗುತ್ತಿತ್ತಂತೆ. ಮೂರು ವರ್ಷ, ವರ್ಷಕ್ಕೆ ನಾಲ್ಕೋ ಐದೋ ಭಾನುವಾರ. ಮಂಡಿ ಕೆಟ್ಟ ಮೇಲೆ ನಿಂತಿತಂತೆ.

ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನಿಗೆ ಕೇಳಿಸಲಿಲ್ಲವೋ ಏನೋ, ಬೇರೆಯೇ ಹೇಳಿದ.

“ಬೊಟ್ಟಕ್ಕನ ಬೊಟ್ಟಿಗೆ ಬಾಲ ಇರಲ್ಲ ಮೇಡಂ. ಆ ಸೊಟ್ಟ ಮರದ ಬೊಟ್ಟಿಗೆಲ್ಲ ಬಾಲ ಇತ್ತು. ಕುಂಚದ್ದು.”

ಹಾಗಾದರೆ ಕಡಿಯುವಾಗಲೇ ಗೊತ್ತಿತ್ತಲ್ಲ, ಒಳ್ಳೇ ಮರ ಕಡಿಯುತ್ತಿದ್ದೇನೆ ಎಂದು ಅನಿಸಲಿಲ್ಲವೇ ಎಂದು ಕೇಳಿದೆ. ಕಿವಿ ಹತ್ತಿರ ಹೋಗಿ ಎರಡು ಸಲ ಕೇಳಬೇಕಾಯಿತು.

“ಅನ್ನಿಸ್ತು. ಆದ್ರೆ ಓದಿದೋರು ಇಟ್ಟಿದ್ದು, ಏನೋ ಹೊಸ ಪದ್ಧತಿ ಇರ್ಬೇಕು ಅನ್ಕೊಂಡೆ.”

ಅವನು ಚುಚ್ಚಿ ಹೇಳಿದ್ದಲ್ಲ, ಅಕ್ಕ. ನಿಜವಾಗಿ ಹಾಗೇ ಅಂದುಕೊಂಡಿದ್ದ.

ಎಣಿಸಿದೆವು. ಎರಡು ದಿನ ಬೇಕಾಯಿತು. ನಾನೂರ ಹನ್ನೆರಡರಲ್ಲಿ ಇನ್ನೂರ ಎಪ್ಪತ್ತೊಂದು ಮೋಟು ಬದುಕಿವೆ. ನೆರಳು ಬಿದ್ದ ಕಡೆ ಸತ್ತಿವೆ. ಎಣಿಸುವಾಗ ಒಂದು ಯೋಚನೆ ಬಿಡದೆ ಕಾಡಿತು. ತೊರೆಯ ಕಡೆಯಿಂದ ಬ್ಲಾಕಿಗೆ ಬರುವ ದಾರಿ ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಹಾದುಹೋಗುತ್ತದೆ. ನನ್ನ ಕಿಟಕಿಯಿಂದ ನೂರು ಹೆಜ್ಜೆ. ಭಾನುವಾರ ನಾನು ಎಲ್ಲಿಗೆ ಹೋಗುತ್ತೇನೆ, ಒಳಗೇ ಇರುತ್ತೇನೆ. ನೀವು ಹಾದುಹೋಗುವಾಗ ನಾನು ಬಟ್ಟೆ ಮಡಿಸುತ್ತಿದ್ದಿರಬಹುದು. ಮೂರು ವರ್ಷದಲ್ಲಿ ಒಂದು ಸಲವೂ ಬಾಗಿಲು ತಟ್ಟಲಿಲ್ಲ. ನೀವು ಬಂದದ್ದು ಮರಕ್ಕಾಗಿ, ನನಗಾಗಿ ಅಲ್ಲ ಎಂದು ಗೊತ್ತು. ಇಲ್ಲದ್ದನ್ನು ಕಲ್ಪಿಸಿಕೊಳ್ಳುವ ವಯಸ್ಸೂ ಅಲ್ಲ, ನಲವತ್ತಾರು. ಆದರೂ ಆ ನೂರು ಹೆಜ್ಜೆಯನ್ನು ನಾನೇ ಒಂದು ಸಂಜೆ ನಡೆದು ಅಳೆದೆ. ತೊಂಬತ್ತಾರು.

ವರದಿ ಹೋದ ಸೋಮವಾರ ಕಳಿಸಿದೆ. ಏಳನೇ ಬ್ಲಾಕನ್ನು ಕೀಳಬಾರದು, ಒಳ್ಳೆಯ ಮರದ ಬೇರು ಇನ್ನೂ ಜೀವಂತವಾಗಿ ಮಣ್ಣು ಹಿಡಿದಿದೆ, ಸೊಟ್ಟವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದರೆ ಎಳೆಯವು ಇನ್ನು ಹತ್ತು ಹನ್ನೆರಡು ವರ್ಷಕ್ಕೆ ತೋಪಾಗುತ್ತವೆ ಎಂದು ಬರೆದೆ. ಅದು ಸುಲಭವಾಗಿತ್ತು. ‘ಬ್ಲಾಕಿನ ಹಿಂದಿನ ಚರಿತ್ರೆ’ ಎಂಬ ಕಡೆ ಪೆನ್ನು ನಿಂತಿತು. ಕಡತದಲ್ಲಿ ‘ಗುರುತು ಹಾಕುವವರ ಅಜಾಗರೂಕತೆ’ ಎಂದಿದೆ. ಅದನ್ನೇ ನಕಲು ಮಾಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅದರ ಕೆಳಗೆ ಬರೆದೆ: ಈ ಗುರುತು ಹಾಕಿದವಳು ನಾನು. ಚಿಗುರು ಉಳಿಸಿದವರು ಆ ತಪ್ಪಿಗಾಗಿ ಕೆಲಸ ಕಳೆದುಕೊಂಡವರೇ.

ನಕ್ಷೆಯವರು ನಾಳೆ ಬರುತ್ತಾರೆ. ಕಾಗದವನ್ನು ಇಲ್ಲಿಗೆ ನಿಲ್ಲಿಸಿ ಅವರು ಹೋದ ಮೇಲೆ ಮುಗಿಸುತ್ತೇನೆ.

ಗುರುವಾರ

ಬಂದಿದ್ದರು. ಬೂಟು ಮಣ್ಣಾಗುತ್ತದೆ ಅನ್ನುವವರಲ್ಲ, ಇಡೀ ಇಳಿಜಾರು ಇಳಿದು ತೊರೆಯವರೆಗೆ ನಡೆದರು. ಅಲ್ಲಲ್ಲಿ ಒಂದು ಕಾಂಡದ ಸುತ್ತಳತೆ ತಾವೇ ಟೇಪು ಹಿಡಿದು ನೋಡಿದರು. ಕೊನೆಗೆ ಒಂದು ಮೋಟಿನ ಮೇಲೆ ಕುಳಿತು, ಕೆಲಸ ಕಳೆದುಕೊಂಡವರೇ ಬಂದು ಕೆಲಸ ಮಾಡಿ ಹೋದರೇ, ಯಾಕೆ ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನು ಗರಗಸನ ಕಿವಿಗೆ ಹೇಳಿದೆ. ಗರಗಸ ಕೂಗಿದ, “ನೀವು ಮೇಲಷ್ಟೇ ಕಡಿದ್ರಿ ಸಾರ್, ಬುಡ ಇತ್ತಲ್ಲ.” ಅವರಿಗೆ ನಗು ಬಂತು. ನನಗೆ ಬರಲಿಲ್ಲ.

ಏಳನೇ ಬ್ಲಾಕು ಉಳಿಯಿತು, ಅಕ್ಕ. ಕೀಳುವುದಿಲ್ಲ. ಸೊಟ್ಟವನ್ನು ಮೂರು ವರ್ಷದಲ್ಲಿ ಮೂರು ಕಂತಾಗಿ ತೆಗೆಯಬೇಕು, ತೊರೆಯ ಅಂಚಿನ ಇಪ್ಪತ್ತು ಹೆಜ್ಜೆ ಯಾವುದನ್ನೂ ಮುಟ್ಟಬಾರದು. ಮೊದಲ ಕಂತಿಗೆ ಮಳೆಗೆ ಮುಂಚೆ ಗುರುತಾಗಬೇಕು.

ನನ್ನ ವಿಷಯಕ್ಕೆ ಜೀಪು ಹತ್ತುವಾಗ ಬಂದರು. ಆ ಒಂದು ಪ್ಯಾರಾವನ್ನು ಓದಿಲ್ಲ ಅನ್ನುವ ಹಾಗಿಲ್ಲ ಎಂದರು. ಲಿಖಿತ ವಿವರಣೆ ಕೊಡಬೇಕು. ಜೂನ್ ಹೊತ್ತಿಗೆ ನನ್ನನ್ನು ಬೇರೆಡೆಗೆ ಹಾಕಬಹುದು, ಅಥವಾ ಮ್ಯಾನೇಜರಾಗಿ ಇರಲಿಕ್ಕಿಲ್ಲ. ಬರೆಯದೇ ಇದ್ದಿದ್ದರೆ ನಡೆಯುತ್ತಿತ್ತಲ್ಲ ಮೇಡಂ ಎಂದು ಅವರು ಮೆಲ್ಲಗೆ ಕೇಳಿದರು. ನಡೆಯುತ್ತಿತ್ತು, ಒಂಬತ್ತು ವರ್ಷ ನಡೆದಿದೆ ಎಂದೆ. ಈ ಕೋಣೆ ಬಿಡುವ ಯೋಚನೆ ಬಂದರೆ ದುಃಖವಾಗಬೇಕು. ಆಗುತ್ತಿರುವುದು ಒಂಥರಾ ಹಗುರ. ಇದನ್ನು ನಂಬಬಹುದೇ ಎಂದು ನಿನ್ನೆಯಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ತಪ್ಪು ಒಪ್ಪಿಕೊಂಡ ಹೆಮ್ಮೆಯೂ ಒಂದು ಹೆಮ್ಮೆಯೇ ತಾನೆ.

ನಿಮಗೆ ಒಂದು ಕೋರಿಕೆ. ಈ ಸಲದ ಬೊಟ್ಟಿಗೆ ನೀವು ಬರಬಹುದೇ? ಮಂಡಿಗೆ ತೊಂದರೆಯಾದರೆ ನಡೆಯಬೇಕಾಗಿಲ್ಲ. ಬ್ಲಾಕಿನ ಮಧ್ಯೆ ಕುರ್ಚಿ ಹಾಕಿಸುತ್ತೇನೆ, ನೀವು ಹೇಳಿ, ನಾನು ಇಡುತ್ತೇನೆ. ಆಗದಿದ್ದರೆ ಬೇಸರವಿಲ್ಲ. ಉಳಿಯುವುದಕ್ಕೇ ಇಡುತ್ತೇನೆ, ಹೆಬ್ಬೆಟ್ಟಿನಲ್ಲೇ ಇಡುತ್ತೇನೆ. ನಿನ್ನೆ ಒಂದು ಹಳೆಯ ಹಲಗೆಯ ಮೇಲೆ ಅಭ್ಯಾಸ ಮಾಡಿದೆ. ಒತ್ತಿದ ಮೇಲೆ ಬೆರಳನ್ನು ನೆಟ್ಟಗೆ ಎತ್ತಬೇಕು, ಎಳೆದರೆ ಬಾಲ ಬರುತ್ತದೆ. ಇಷ್ಟು ಸಣ್ಣ ವಿಷಯವನ್ನು ಮೂರು ವರ್ಷ ಜೊತೆಗಿದ್ದೂ ನೋಡಿರಲಿಲ್ಲ.

ಒಂಬತ್ತು ವರ್ಷದ ಮೊಮ್ಮಗಳಿಗೆ ನನ್ನ ಪ್ರೀತಿ, ಆಶೀರ್ವಾದ. ನೆಟ್ಟಗೆ ಬೆಳೆಯಲಿ, ಸೊಟ್ಟ ಬೆಳೆದರೂ ಚೆನ್ನಾಗಿರಲಿ. ಸೊಸೆಯವರ ಕೈಗೆ ಕೆಲಸ ತಪ್ಪದಿರಲಿ. ನಿಮ್ಮ ಮಂಡಿ ವಾಸಿಯಾಗಲಿ. ನೀವು ಹಿರಿಯರು, ನಿಮ್ಮಿಂದ ಏನು ಕೇಳಿಕೊಳ್ಳಬೇಕೋ ಅದನ್ನು ಕೇಳುವ ಯೋಗ್ಯತೆ ಇದೆಯೋ ಇಲ್ಲವೋ ತಿಳಿಯದೆ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ಗೋಡೆಯ ಈ ಕಡೆಯಿಂದ,
ನಿಮ್ಮ ಮೇಡಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಸೊಸೆಯವರೇ, ಹಾರಿಸಬೇಡಿ ಎಂದು ಮೊದಲೇ ಕೇಳಿಕೊಂಡದ್ದು ಇದಕ್ಕೇ. ಇಲ್ಲಿ ನಿಮ್ಮ ಹೆಸರೂ ಸೇರಿದೆ.

ದೊಡ್ಡ ಸಾಹೇಬರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ ಎಂದು ಮೇಲೆ ಬರೆದೆ. ಒಂಬತ್ತು ವರ್ಷ ನನಗೆ ನಾನೂ ಹಾಗೇ ಹೇಳಿಕೊಂಡಿದ್ದೇನೆ. ಬ್ಲಾಕಿನಲ್ಲಿ ಬಾಯಿ ಬಿಡಲಿಲ್ಲ, ನಿಜ. ಅದಕ್ಕೂ ಅರ್ಧ ಗಂಟೆ ಮೊದಲು ಆಫೀಸಿನೊಳಗೆ ಅವರು ನನ್ನೊಬ್ಬಳನ್ನೇ ಕೇಳಿದ್ದರು. ಆಗ ನಾನು ಹೇಳಿದೆ: “ಸೊಸೆಯ ಹೆರಿಗೆ ಇತ್ತಲ್ಲ ಸಾರ್, ಹೋಗೋ ಅವಸರದಲ್ಲಿ ಏನೋ ತಪ್ಪಾಗಿ ಇಟ್ಟುಹೋಗಿದ್ದಾರೆ.” ಯಾರು ಎಂದರು. ನೀವು ಅದೇ ತಾನೇ ಬಸ್ಸಿಳಿದು ಅಂಗಳಕ್ಕೆ ಬರುತ್ತಿದ್ದಿರಿ. ನಾನು ಕಿಟಕಿಯಿಂದ ಕೈ ಚಾಚಿ ನಿಮ್ಮನ್ನು ತೋರಿಸಿದೆ. ನೀವು ತಲೆಯೆತ್ತಿ ಆ ಬೆರಳನ್ನು ನೋಡಿದಿರಿ. ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಲು ನಗುತ್ತ ಬರುತ್ತಿದ್ದಿರಿ.

ಬೊಟ್ಟು ಇಡುವುದಕ್ಕೂ ಮಾಡುವುದಕ್ಕೂ ಇರುವ ವ್ಯತ್ಯಾಸ ನನಗೆ ಹೇಳಿಕೊಟ್ಟವರು ನೀವೇ.

ಉತ್ತರ ಬರೆಸದಿದ್ದರೂ ಸರಿ. ಬರೆಸಿದರೆ, ಬೈಯುವುದಕ್ಕಾದರೂ, ಅದರಲ್ಲಿ ನನ್ನನ್ನು ‘ನೀನು’ ಅನ್ನಿ.